ನೇತ್ರಾಣಿ: ಕಡಲ ನಡುವಿನ ಬಂಡೆ

ನಮ್ಮ ಬೈಂದೂರು, ಉಪ್ಪುಂದ, ಶಿರೂರು ಕಡೆಯ ಮೀನುಗಾರರನ್ನು ಕೇಳಿ. ನೇತ್ರಾಣಿ ಅಂದರೆ ಅವರಿಗೆ ಗೊತ್ತುಂಟು. ಅದು ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಇದೆ. ಭಟ್ಕಳ ತಾಲ್ಲೂಕಿಗೆ ಸೇರಿದೆ. ಸುತ್ತ ಕಡಿದಾದ ಬಂಡೆ, ಮೇಲೆ ಹಸಿರು ಕಾಡು. ಜನರ ವಾಸ ಇಲ್ಲ. ಇಂಗ್ಲಿಷರು ಇದನ್ನು ಪಾರಿವಾಳ ದ್ವೀಪ ಅಂತ ಕರೆದರು.

ಜನ ಇಲ್ಲದ ಜಾಗ ಅಂದರೆ ಖಾಲಿ ಜಾಗವೇ? ಅಲ್ಲ. ನೋಡುವ, ಬನ್ನಿ.

ಯಾರ ಮನೆ?

ಅಲ್ಲಿನ ಎತ್ತರದ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮೀನು ಮತ್ತು ಕಡಲ ಹಾವು ಇದರ ಊಟ. ಇದು ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಒಂದು ಮರ ಹೋದರೆ ಒಂದು ಸಂಸಾರವೇ ಹೋದ ಹಾಗೆ.

ಬಂಡೆಯ ಗುಹೆಯಲ್ಲಿ ಸ್ವಿಫ್ಟ್‌ಲೆಟ್ ಎಂಬ ಚಿಕ್ಕ ಹಕ್ಕಿ ಇದೆ. ಅದು ತನ್ನ ಜೊಲ್ಲು ಬಳಸಿ ಗೂಡು ಕಟ್ಟುತ್ತದೆ.

ನೀರಿನ ಅಡಿಯಲ್ಲಿ ಹವಳ ಇದೆ. ಹವಳವನ್ನು ಕಲ್ಲು ಅಂತ ತಿಳಿಯಬೇಡಿ. ಅದು ಸಾವಿರಾರು ಸಣ್ಣ ಜೀವಿಗಳು ಸೇರಿ ಕಟ್ಟಿದ ಮನೆ. ಗುಂಡಾದ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಗೇಣು ಬೆಳೆಯಲು ಇಪ್ಪತ್ತು ವರ್ಷ ಬೇಕು! ಹವಳದ ಸಂದಿಯಲ್ಲಿ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಹವಳ ಉಳಿದರೆ ಮೀನು ಉಳಿಯುತ್ತದೆ. ಮೀನು ಉಳಿದರೆ ನಮ್ಮ ಬಲೆಗೂ ಬೀಳುತ್ತದೆ.

ಗುಂಡಿನ ಗುರಿ

ದೇಶ ಕಾಯಲು ನೌಕಾಪಡೆ ಬೇಕು. ಅವರಿಗೆ ಅಭ್ಯಾಸವೂ ಬೇಕು. ಹಾಗಾಗಿ ನಮ್ಮ ನೌಕಾಪಡೆ ಹಲವು ವರ್ಷ ನೇತ್ರಾಣಿಯ ಬಂಡೆಗೆ ಗುರಿ ಇಟ್ಟು ಗುಂಡು ಹಾರಿಸಿತು. ಹಕ್ಕಿ, ಹವಳ ನಾಶವಾಗುತ್ತದೆ ಎಂದು ಪರಿಸರದವರು ಇದನ್ನು ವಿರೋಧಿಸಿದರು.

ನೀರಿನಲ್ಲಿ ಸ್ಫೋಟ ಆದರೆ ಏನಾಗುತ್ತದೆ? ಹೆಚ್ಚಿನ ಮೀನುಗಳ ಹೊಟ್ಟೆಯೊಳಗೆ ಒಂದು ಗಾಳಿಚೀಲ ಇರುತ್ತದೆ. ಸ್ಫೋಟದ ಹೊಡೆತಕ್ಕೆ ಅದು ಒಡೆಯುತ್ತದೆ. ಗುಂಡು ತಾಗದಿದ್ದರೂ ಮೀನು ಸಾಯುತ್ತದೆ.

ಹಾರಿಸಿದ ಗುಂಡೆಲ್ಲ ಸಿಡಿಯುವುದಿಲ್ಲ. ಕೆಲವು ಹಾಗೇ ಬಿದ್ದಿರುತ್ತವೆ. ದೂರದ ಕೆರಿಬಿಯನ್ ಕಡಲಿನಲ್ಲಿ ವಿಯೆಕೆಸ್ ಎಂಬ ದ್ವೀಪ ಇದೆ. ಅಲ್ಲಿ ಅಮೆರಿಕದ ನೌಕಾಪಡೆ ಬಾಂಬು ಹಾಕಿ ಅಭ್ಯಾಸ ಮಾಡುತ್ತಿತ್ತು. 1999ರಲ್ಲಿ ಗುರಿ ತಪ್ಪಿದ ಬಾಂಬಿಗೆ ಒಬ್ಬ ಕಾವಲುಗಾರ ಸತ್ತ. ಜನ ಒಟ್ಟಾಗಿ ಹೋರಾಡಿದರು. 2003ರಲ್ಲಿ ಅಭ್ಯಾಸ ನಿಂತಿತು. ಆ ಜಾಗ ವನ್ಯಜೀವಿಗಳಿಗೆ ಮೀಸಲಾಯಿತು. ಆದರೆ ಸಿಡಿಯದ ಬಾಂಬು ಹೆಕ್ಕುವ ಕೆಲಸ ಆಮೇಲೂ ವರ್ಷಗಟ್ಟಲೆ ನಡೆಯಿತು.

ನಾವು ಏನು ಮಾಡಬೇಕು?

ದ್ವೀಪದಲ್ಲಾಗಲಿ, ಬಲೆಯಲ್ಲಾಗಲಿ, ದಡದಲ್ಲಾಗಲಿ ಗುಂಡಿನಂಥ ಕಬ್ಬಿಣದ ವಸ್ತು ಕಂಡರೆ ಮುಟ್ಟಬೇಡಿ. ತುಕ್ಕು ಹಿಡಿದಿದೆ, ಏನೂ ಆಗುವುದಿಲ್ಲ ಅಂತ ಹೇಳಬೇಡಿ. ಹಳೆಯದಾದರೂ ಸಿಡಿಯಬಹುದು. ಗುಜರಿಗೆ ಮಾರಲು ತರಬೇಡಿ. ಒಡೆಯಲು ಹೋಗಬೇಡಿ. ಮಕ್ಕಳನ್ನು ದೂರ ಇಡಿ. ಗಂಗೊಳ್ಳಿಯ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಇಲ್ಲವೇ 112ಕ್ಕೆ ಫೋನ್ ಮಾಡಿ.

ಹವಳದ ಮೇಲೆ ಲಂಗರು ಹಾಕಬೇಡಿ. ಹರಿದ ಬಲೆಯನ್ನು ಕಡಲಿಗೆ ಎಸೆಯಬೇಡಿ. ಹಕ್ಕಿಯ ಗೂಡು ತೆಗೆಯಬೇಡಿ.

ಕಬ್ಬಿಣ ಮಾರಿದರೆ ಒಂದು ದಿನದ ಕಾಸು. ಜೀವ ಹೋದರೆ ಮನೆಯೇ ಹೋಯಿತು. ಹವಳ ಉಳಿದರೆ ಮೊಮ್ಮಕ್ಕಳಿಗೂ ಮೀನು.

ಓದಿ, ಉತ್ತರ ಹೇಳಿ:
1. ಹವಳ ಕಲ್ಲೋ, ಜೀವಿಯೋ?
2. ಗುಂಡು ತಾಗದೆಯೂ ಮೀನು ಹೇಗೆ ಸಾಯುತ್ತದೆ?
3. ಬಲೆಯಲ್ಲಿ ಗುಂಡಿನಂಥ ವಸ್ತು ಸಿಕ್ಕಿದರೆ ಏನು ಮಾಡುತ್ತೀರಿ?