ಈಗ ಮಾಡಿ ಏನು ಪ್ರಯೋಜನ?

ಪ್ರಶ್ನೆ: ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ನೂರಾರು ವರ್ಷ ಉಳಿಯುತ್ತದಂತೆ. ಹಾಗಿದ್ದರೆ ಈಗ ಹೊಗೆ ತಗ್ಗಿಸಿ ಏನು ಪ್ರಯೋಜನ?

ಉತ್ತರ: ಖಂಡಿತ ಪ್ರಯೋಜನವಿದೆ. ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದವಾಗಿದ್ದವು. ಈಗ 420 ದಾಟಿವೆ. ಭೂಮಿಯ ಬಿಸಿ ಏರುವುದು ನಾವು ಇದುವರೆಗೆ ಉಗುಳಿದ ಒಟ್ಟು ಮೊತ್ತಕ್ಕೆ ತಕ್ಕಂತೆ. ಉಗುಳುವುದು ಪೂರ್ತಿ ನಿಂತರೂ ಕಡಲು, ಕಾಡುಗಳು ಒಂದಷ್ಟನ್ನು ಹೀರುತ್ತಲೇ ಇರುತ್ತವೆ. ಹಾಗಾಗಿ ತಾಪಮಾನ ಬೇಗ ಇಳಿಯದಿದ್ದರೂ ಏರಿಕೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ ಎನ್ನುತ್ತದೆ ವಿಜ್ಞಾನ. ಅಂದರೆ ‘ಕಾಲ ಮಿಂಚಿತು’ ಎಂದು ಕೈಚೆಲ್ಲಬೇಕಾದ ಗೆರೆ ಎಲ್ಲೂ ಇಲ್ಲ. ತಾಪಮಾನದ ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿದಿಡುವ ಗುರಿ ತಪ್ಪಿದರೂ 1.7ಕ್ಕೂ 2ಕ್ಕೂ ಬಹಳ ಅಂತರವಿದೆ. ಒಬ್ಬರೇ ಕೊರಗುವ ಬದಲು ನೆರೆಹೊರೆಯವರ ಜೊತೆ ಸೇರಿ ಊರಿಗೆ ಹೆಚ್ಚು ಬಸ್ಸು, ಶಾಲೆಯ ಚಾವಣಿಗೆ ಸೌರಫಲಕ ಕೇಳಿ, ಹುಮ್ಮಸ್ಸೂ ಉಳಿಯುತ್ತದೆ.