ಗರ್ಭಕೋಶ ತೆಗೆಸಿದರೆ ತಲೆನೋವು ಹೋದೀತೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಈ ಮಾತನ್ನು ನಾವು ಕೇಳುತ್ತಿರುತ್ತೇವೆ: "ಮುಟ್ಟಾದಾಗಲೆಲ್ಲ ಈ ಅರೆತಲೆನೋವು ಕಣಕ್ಕಾ. ಗರ್ಭಕೋಶ ತೆಗೆಸಿಬಿಟ್ಟರೆ ಎರಡೂ ಕಾಟ ತಪ್ಪುತ್ತದೆ." ದೇಹದ ಲೆಕ್ಕ ಹಾಗಿಲ್ಲ.

ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಎಂಬ ಹಾರ್ಮೋನು ಥಟ್ಟನೆ ಇಳಿಯುವುದು ಹಲವರಲ್ಲಿ ನೋವನ್ನು ಕೆರಳಿಸುತ್ತದೆ. ಈ ಹಾರ್ಮೋನು ಹುಟ್ಟುವುದು ಗರ್ಭಕೋಶದಲ್ಲಲ್ಲ, ಅದರ ಅಕ್ಕಪಕ್ಕದ ಅಂಡಾಶಯಗಳಲ್ಲಿ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನಿನ ಏರಿಳಿತ ನಿಲ್ಲುವುದಿಲ್ಲ. ನೋವು ಮೊದಲಿನಂತೆಯೇ ಬರಬಹುದು. ಅದು ಯಾವಾಗ ಬರುತ್ತದೆಂದು ತಿಳಿಯಲು ಇದ್ದ ಗುರುತು ಹೋಗಿರುತ್ತದೆ, ಅಷ್ಟೆ.

ಅಂಡಾಶಯಗಳನ್ನೂ ತೆಗೆದರೆ? ವಯಸ್ಸಾಗಿ ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ಕಡಿಮೆಯಾಗಲು ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳು ಕಷ್ಟದವು. ಆದರೆ ಆಮೇಲೆ ಅನೇಕರಿಗೆ ತಲೆನೋವು ತಗ್ಗುತ್ತದೆ. ಆಪರೇಷನ್ನಿನಲ್ಲಿ ಅದೇ ಇಳಿತ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. 1993ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಸಹಜವಾಗಿ ಮುಟ್ಟು ನಿಂತವರ ಪೈಕಿ ಮೂರರಲ್ಲಿ ಎರಡು ಪಾಲು ಮಂದಿಗೆ ಮೈಗ್ರೇನ್ ಕಡಿಮೆಯಾಗಿತ್ತು. ಆಪರೇಷನ್ನಿನಿಂದ ನಿಂತವರಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಮಂದಿಗೆ ಅದು ಜೋರಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ತಲೆನೋವು ಹೋಗಲೆಂದು ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನಮ್ಮವರು ಬಾಳುವ ಆಂಧ್ರ, ತೆಲಂಗಾಣಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು.

ಕ್ಯಾನ್ಸರ್, ನಿಲ್ಲದ ರಕ್ತಸ್ರಾವದಂಥ ಕಾರಣಗಳಿಗೆ ಆಪರೇಷನ್ ಬೇಕಾದೀತು. ಆಗ ಸಹಿ ಹಾಕುವ ಮುಂಚೆ "ಅಂಡಾಶಯ ಉಳಿಸುತ್ತೀರಾ, ಇಲ್ಲವೇ? ಏಕೆ?" ಎಂದು ವೈದ್ಯರನ್ನು ಕೇಳಿ. ಮೈಗ್ರೇನ್ ಇದೆಯೆಂದೂ ಹೇಳಿ. ಗಂಡಂದಿರೂ ಜೊತೆಗೆ ಹೋಗಿ ಕೇಳಿಸಿಕೊಳ್ಳಲಿ.

ಈಗಾಗಲೇ ಅಂಡಾಶಯ ತೆಗೆಸಿಕೊಂಡು ತಲೆನೋವು ಹೆಚ್ಚಾದವರು ಎದೆಗುಂದಬೇಕಿಲ್ಲ. 45ರೊಳಗೇ ತೆಗೆಸಿಕೊಂಡವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಮೂಳೆ ಮತ್ತು ಹೃದಯದ ಹಿತಕ್ಕಾಗಿಯೂ ವೈದ್ಯರು ಸಾಮಾನ್ಯವಾಗಿ 50ರ ಆಸುಪಾಸಿನವರೆಗೆ ಈಸ್ಟ್ರೋಜನ್ ಕೊಡುತ್ತಾರೆ. ಮೈಗ್ರೇನ್ ಇರುವವರಿಗೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ಒಳ್ಳೆಯದು. ಹಾರ್ಮೋನು ಏರಿಳಿಯದೆ ಒಂದೇ ಸಮನಾಗಿರುತ್ತದೆ. ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರು ಅದನ್ನು ತಪ್ಪದೆ ತಿಳಿಸಬೇಕು. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು. ಹಸಿವು ಮೈಗ್ರೇನನ್ನು ಕೆರಳಿಸುತ್ತದೆ. ಶುಭ ಶುಕ್ರವಾರದ ಉಪವಾಸದಿಂದ ಕಾಯಿಲೆಯವರಿಗೆ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ. ಅಂದು ಅಕ್ಕನೋ ಅತ್ತೆಯೋ ಅಡುಗೆಮನೆಯಲ್ಲಿ ಗಂಜಿ ಕುಡಿದರೆ ಯಾರೂ ಹುಬ್ಬೇರಿಸಬೇಡಿ.