ಚನ್ನಪಟ್ಟಣದ ಮರಕ್ಕೆ ಬೆಂಕಿ ಬರಹ!

ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಓಡಾಡುವವರಿಗೆ ಚನ್ನಪಟ್ಟಣ ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾಗಿರಲಿಲ್ಲ. ರಸ್ತೆ ಬದಿಯ ಬಣ್ಣದ ಬೊಂಬೆ, ಬುಗುರಿ, ಮರದ ಕುದುರೆಗಳೇ ಹೇಳುತ್ತಿದ್ದವು. ಕಾರುಗಳು ನಿಲ್ಲುತ್ತಿದ್ದವು, ವ್ಯಾಪಾರ ಕುದುರುತ್ತಿತ್ತು. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಕಾರುಗಳೆಲ್ಲ ಬೈಪಾಸಿನಲ್ಲಿ ಸುಂಯ್ ಅಂತ ಹೊರಟವು. ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು.

ಹೋದ ಗಿರಾಕಿ ಸುಮ್ಮನೆ ಕರೆದರೆ ಬರುವುದಿಲ್ಲ. ಬೇರೆ ಕಡೆ ಸಿಗದ ಮಾಲು ಬೇಕು. ದಸರಾ, ದೀಪಾವಳಿ, ಕ್ರಿಸ್‌ಮಸ್ಸಿಗೆ ತೂಗುಹಾಕುವ ಮರದ ನಕ್ಷತ್ರ, ಗಂಟೆ, ತೋರಣದ ಬಿಲ್ಲೆಗಳ ಮೇಲೆ ಗಿರಾಕಿಯ ಎದುರಿಗೇ ಮಗುವಿನ ಹೆಸರು ಸುಟ್ಟು ಬರೆದುಕೊಟ್ಟರೆ ಹೇಗೆ? ಪೈರೋಗ್ರಫಿ ಎಂಬ ಈ ವಿದ್ಯೆಗೆ ಗ್ರೀಕ್ ಭಾಷೆಯಲ್ಲಿ ಬೆಂಕಿ ಬರಹ ಎಂದೇ ಅರ್ಥ. ಅದೇನು ಬ್ರಹ್ಮವಿದ್ಯೆಯಲ್ಲ. ಮನೆಯ ಹೆಂಗಸರು, ಕಾಲೇಜು ಹುಡುಗರು ಕೂತು ಕಲಿಯಬಹುದು.

ಇದಕ್ಕೆ ಬೇಕಾದ ಮರ ಊರಲ್ಲೇ ಇದೆ. ಬೊಂಬೆಗೆ ಬಳಸುವ ಹಾಲೆಮರ, ಅಂದರೆ ಆಲೆಮರ, ಬೆಳ್ಳಗೆ, ನುಣುಪಾಗಿ, ಎಳೆ ಸಣ್ಣದಾಗಿರುತ್ತದೆ. ಸುಟ್ಟ ಗೆರೆ ಎದ್ದು ಕಾಣಲು ಇಂಥದ್ದೇ ಬೇಕು. ಬೀಟೆಯಂಥ ಕಪ್ಪು ಮರದಲ್ಲಿ ಏನು ಬರೆದರೂ ಕಾಣುವುದಿಲ್ಲ. ಆದರೆ ಒಂದು ಮಾತು: ಅರಗು ಹಚ್ಚುವುದಕ್ಕೆ ಮುಂಚಿನ ಬಿಳಿ ಮರವನ್ನೇ ಕೇಳಿ ತರಬೇಕು. ಕಡೆಯುವ ಯಂತ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಅಷ್ಟಕ್ಕೇ ಕರಗುವ ಅರಗಿನ ಮೇಲೆ ಕಾದ ಮೊನೆ ಇಟ್ಟರೆ ಹೊಗೆ ಎದ್ದು ಕೆಲಸ ಕೆಡುತ್ತದೆ.

ಸಾಮಾನು ಹೆಚ್ಚು ಬೇಡ. ಮರ ಸುಡುವುದಕ್ಕೆಂದೇ ಮಾರುವ ವಿದ್ಯುತ್ ಪೆನ್ನು, ಅದನ್ನಿಡಲು ಒಂದು ಸ್ಟ್ಯಾಂಡು, ಉಪ್ಪುಕಾಗದ, ಪೆನ್ಸಿಲ್ಲು, ಇಷ್ಟೇ. ರೇಡಿಯೋ ರಿಪೇರಿಯವರ ಹಳೇ ಸೋಲ್ಡರಿಂಗ್ ಕಡ್ಡಿ ತರಬೇಡಿ, ಅದಕ್ಕೆ ಸೀಸ ಅಂಟಿರಬಹುದು.

ಮೊದಲು 120, ಆಮೇಲೆ 220 ನಂಬರಿನ ಉಪ್ಪುಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜಿ ಧೂಳು ಒರೆಸಬೇಕು. ಪೆನ್ಸಿಲ್ಲಿನಲ್ಲಿ ತೆಳ್ಳಗೆ ಚಿತ್ರ ಬರೆಯಬೇಕು. ಕಾರ್ಬನ್ ಕಾಗದದ ಗುರುತು ಅಳಿಸುವುದು ಕಷ್ಟ. ಪೆನ್ನು ಕಾದ ಮೇಲೆ ಒಂದು ಚೂರು ಮರದಲ್ಲಿ ಪರೀಕ್ಷೆ ನೋಡಿ, ಗೆರೆಯನ್ನು ನಮ್ಮ ಕಡೆಗೆ ನಿಧಾನವಾಗಿ ಎಳೆಯಬೇಕು. ಒತ್ತಬಾರದು. ಕೈ ನಿಂತಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಅದು ಮತ್ತೆ ಹೋಗದು. ಗಾಢ ಬಣ್ಣ ಬೇಕಾದರೆ ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೋಗಬೇಕು. ಹೊಸಬರು ನಕ್ಷತ್ರ, ಎಲೆ, ಚುಕ್ಕಿ ರಂಗೋಲಿಯಿಂದ ಶುರು ಮಾಡಲಿ. ದೇವರ ಮುಖ, ನವಿಲು ಆಮೇಲೆ. ಬಣ್ಣ, ವಾರ್ನಿಷ್ ಏನಿದ್ದರೂ ಸುಟ್ಟು ಮುಗಿಸಿದ ಮೇಲೆ. ಮುಗಿದ ಮಾಲನ್ನು ಬಿಸಿಲಿಗೆ ತೂಗುಹಾಕಿದರೆ ಗೆರೆ ಮಂಕಾಗುತ್ತದೆ, ಅಂಗಡಿಯವರು ಇದನ್ನು ನೆನಪಿಡಬೇಕು.

ನಾಲ್ಕು ಕಾಸು ಉಳಿಸಲು ಹೋಗಿ ಹಲವರು ಎಡವುವುದು ಮರದ ವಿಷಯದಲ್ಲಿ. ಬಡಗಿ ಎಸೆದ ಪ್ಲೈವುಡ್, ಎಂಡಿಎಫ್ ಚೂರು ಪುಕ್ಕಟೆ ಸಿಗುತ್ತದೆ ನಿಜ. ಸುಟ್ಟಾಗ ಅದರ ಅಂಟಿನಿಂದ ಬರುವ ಹೊಗೆ ಎದೆಗೆ ವಿಷ. ಪೆಟ್ಟಿಗೆ, ಪ್ಯಾಲೆಟ್ ಮರದ ಮೇಲೆ ‘ಎಂಬಿ’ ಎಂಬ ಇಂಗ್ಲಿಷ್ ಮುದ್ರೆಯಿದ್ದರೆ ಮಿಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ ಮರವೆಂದು ಅರ್ಥ. ಮುಟ್ಟಲೇಬೇಡಿ. ಒಳ್ಳೆ ಮರದ ಹೊಗೆಯೂ ಒಳ್ಳೆಯದೇನಲ್ಲ. ಕಿಟಕಿ ತೆರೆದು, ಹೊಗೆ ಮುಖದಿಂದ ಆಚೆ ಹೋಗುವಂತೆ ಫ್ಯಾನು ಇಟ್ಟು ಕೂರಬೇಕು. ಕಾದ ಪೆನ್ನಿನ ಹತ್ತಿರ ಮಕ್ಕಳನ್ನು ಬಿಡಬಾರದು.

ಲೇಸರ್ ಯಂತ್ರ ಇದನ್ನೇ ನಿಮಿಷದಲ್ಲಿ ಮಾಡುತ್ತದಲ್ಲ ಅಂತೀರಾ? ಮಾಡುತ್ತದೆ. ಅದರ ನೂರು ನಕ್ಷತ್ರವೂ ಒಂದೇ ಅಚ್ಚು. ಕೈಕೆಲಸದಲ್ಲಿ ಗೆರೆ ಒಂದು ಕಡೆ ತೆಳು, ಒಂದು ಕಡೆ ಗಾಢ. ಗಿರಾಕಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲಿ. ಯಂತ್ರದ ಮಾಲನ್ನು ಕೈಕೆಲಸವೆಂದು ಮಾತ್ರ ಮಾರದಿರಲಿ. ಒಮ್ಮೆ ನಂಬಿಕೆ ಹೋದರೆ ಹಳೇ ರಸ್ತೆಗೆ ಬಸ್ಸಿನವರೂ ಇಳಿಯುವುದಿಲ್ಲ.